ಕೊಳಗದಿಂದ ಕಾನೂನಿನವರೆಗೆ: ಶಾಂತವೇರಿ ಗೋಪಾಲಗೌಡರು ಮತ್ತು ವಿರೋಧ ಪಕ್ಷದ ಕಸುಬು

ಬೆಂಗಳೂರಿನಲ್ಲಿ ವಿಧಾನಸೌಧಕ್ಕೆ ಹತ್ತಿರದಲ್ಲೇ ಗೋಪಾಲಗೌಡ ವೃತ್ತ ಇದೆ. ಶಿವಮೊಗ್ಗದಲ್ಲಿ ಗೋಪಾಲಗೌಡ ಬಡಾವಣೆ, ಸಾಗರದಲ್ಲಿ ಗೋಪಾಲಗೌಡ ಕ್ರೀಡಾಂಗಣ. ಹೆಸರು ಎಲ್ಲರ ಬಾಯಲ್ಲೂ ಇದೆ, ಆದರೆ ಅವರು ಮಾಡಿದ ಕೆಲಸ ಏನು ಅಂತ ಕೇಳಿದರೆ "ದೊಡ್ಡ ಸಮಾಜವಾದಿ" ಎನ್ನುವಲ್ಲಿಗೆ ಮಾತು ನಿಲ್ಲುತ್ತದೆ. ಅವರ ಪ್ರಾಮಾಣಿಕತೆ, ಬಡತನದ ಬಗ್ಗೆ ನಾವು ಧಾರಾಳವಾಗಿ ಮಾತಾಡುತ್ತೇವೆ. ಅವರ ಕಸುಬಿನ ಬಗ್ಗೆ ಮಾತಾಡುವುದೇ ಇಲ್ಲ. ಇದು ಆ ಕಸುಬಿನ ಬಗ್ಗೆ ಬರೆದದ್ದು.

ಮೊದಲು ಲೆಕ್ಕ ನೋಡಿ. 1923ರ ಮಾರ್ಚ್ 14ಕ್ಕೆ ತೀರ್ಥಹಳ್ಳಿ ತಾಲ್ಲೂಕಿನ ಆರಗದ ಕಡೆ ಹುಟ್ಟಿದರು. 1942ರ ಚಳವಳಿಯಲ್ಲಿ ಜೈಲು ಕಂಡರು. 1952ರಲ್ಲಿ, 29 ತುಂಬುವ ಹೊತ್ತಿಗೆ ಶಾಸಕರಾದರು. 1957ರಲ್ಲಿ ಸೋತರು. 1962, 1967ರಲ್ಲಿ ಮತ್ತೆ ಗೆದ್ದರು. 1972ರ ಜೂನ್ 9ರಂದು, ಐವತ್ತು ತುಂಬುವ ಮೊದಲೇ ಹೋಗಿಬಿಟ್ಟರು. ಒಂದು ದಿನವೂ ಮಂತ್ರಿಯಾಗಲಿಲ್ಲ. 1952ರ ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 74, ಇವರ ಸೋಷಲಿಸ್ಟ್ ಪಕ್ಷಕ್ಕೆ ಬರೀ 3. ಹದಿನೈದು ವರ್ಷ ಕಳೆದು 1967ರಲ್ಲಿ 216 ಸ್ಥಾನಗಳಾದಾಗ ಇವರ ಸಂಯುಕ್ತ ಸೋಷಲಿಸ್ಟ್ ಪಕ್ಷಕ್ಕೆ ಸಿಕ್ಕಿದ್ದು 6. ಇವತ್ತಿನ ಟಿವಿ ಚರ್ಚೆಯ ತಕ್ಕಡಿಯಲ್ಲಿ ಇಟ್ಟರೆ ಇದು ಸೋತ ರಾಜಕಾರಣ. ನನ್ನ ಪ್ರಕಾರ ಕರ್ನಾಟಕದಲ್ಲಿ ವಿರೋಧ ಪಕ್ಷದ ಕೆಲಸವನ್ನು ಅದರ ಪೂರ್ಣ ಅರ್ಥದಲ್ಲಿ ಮಾಡಿದವರು ಯಾರಾದರೂ ಇದ್ದರೆ ಅದು ಗೋಪಾಲಗೌಡರೇ. ಯಾಕೆ ಅಂತ ತಿಳಿಯಲು ಭಾಷಣಗಳಿಂದ ಶುರು ಮಾಡಬಾರದು, ಒಂದು ಕೊಳಗದಿಂದ ಶುರು ಮಾಡಬೇಕು.

ಸಾಗರ ತಾಲ್ಲೂಕಿನ ಕಾಗೋಡು. ಅಲ್ಲಿ ಭೂಮಿ ಒಡೆಯರದು, ದುಡಿಮೆ ಹೆಚ್ಚಾಗಿ ದೀವರ ಸಮುದಾಯದ ಒಕ್ಕಲುಗಳದು, ಅಂದರೆ ಗೇಣಿಗೆ ಉಳುವವರದು. ಗೇಣಿಯನ್ನು ಹಣದಲ್ಲಿ ಕೊಡುತ್ತಿರಲಿಲ್ಲ, ಕಣದಲ್ಲಿ ಬತ್ತ ಅಳೆದು ಕೊಡುತ್ತಿದ್ದರು. ಅಳತೆಯ ಪಾತ್ರೆ ಕೊಳಗ. 20 ಕೊಳಗಕ್ಕೆ ಒಂದು ಖಂಡುಗ. ಜಗಳ ಹುಟ್ಟಿದ್ದು ಆ ಕೊಳಗ ಎಷ್ಟು ದೊಡ್ಡದು ಎಂಬ ಪ್ರಶ್ನೆಯಿಂದ. ಸರ್ಕಾರದ ಅಳತೆಗಿಂತ ದೊಡ್ಡ ಕೊಳಗದಲ್ಲಿ ಗೇಣಿ ಅಳೆಯುತ್ತಾರೆ ಎನ್ನುವುದು ಒಕ್ಕಲುಗಳ ದೂರು.

ದೂರದಿಂದ ನೋಡುವವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಹಾಗಾಗಿ ಒಂದು ಲೆಕ್ಕ ಹಾಕಿ ನೋಡೋಣ. ಕೊಳಗಕ್ಕೆ ಮೂರು ಸೇರು ಎಂದಿಟ್ಟುಕೊಳ್ಳಿ. ಪಾತ್ರೆಯಲ್ಲಿ ಅರ್ಧ ಸೇರು ಮಾತ್ರ ಹೆಚ್ಚು ಹಿಡಿಯುತ್ತದೆ. ಒಂದು ಖಂಡುಗಕ್ಕೆ 10 ಸೇರು ಜಾಸ್ತಿ ಹೋಯಿತು. ಹದಿನೈದು ಖಂಡುಗ ಗೇಣಿಯ ಒಕ್ಕಲಿಗೆ 150 ಸೇರು, ಅಂದರೆ 50 ಕೊಳಗ, ಅಂದರೆ ಎರಡೂವರೆ ಖಂಡುಗ. ಒಂದು ಮನೆ ಮಳೆಗಾಲ ದಾಟುವ ಬತ್ತ ಅದು. ಕರಾರು ಬದಲಾಗಿಲ್ಲ, ಗೇಣಿ ಏರಿಲ್ಲ, ಬಾಯಿಮಾತಲ್ಲಿ ಎಲ್ಲ ಮೊದಲಿನ ಹಾಗೇ ಇದೆ. ಪಾತ್ರೆ ಮಾತ್ರ ಬೇರೆ.

ಅಳೆಯುವ ಕ್ರಮದಲ್ಲೂ ಹುಳುಕಿತ್ತು. ಬಾಯಿಮಟ್ಟಕ್ಕೆ ಕೋಲೆಳೆದು ಸವರಿ ಅಳೆಯುವುದು ಒಂದು ಬಗೆ, ಮೇಲೆ ಗೋಪುರ ನಿಲ್ಲುವ ಹಾಗೆ ಸುರಿದು ಅಳೆಯುವುದು ಇನ್ನೊಂದು ಬಗೆ. ಎರಡಕ್ಕೂ ಹೆಸರು ಒಂದೇ, ಕೊಳಗ. ಅಳೆಯುವ ಆಳು ಯಾರ ಕಡೆಯವನು ಎನ್ನುವುದರ ಮೇಲೆ ಗೋಪುರದ ಎತ್ತರ ನಿಂತಿರುತ್ತದೆ. ನಮ್ಮ ಕಡೆ ಕಣದಲ್ಲಿ ಎಣಿಸುವಾಗ "ಒಂದು" ಎನ್ನುವುದಿಲ್ಲ, "ಲಾಭ" ಎಂದು ಶುರು ಮಾಡಿ ಆಮೇಲೆ ಎರಡು, ಮೂರು ಎನ್ನುತ್ತಾರೆ. ಆ ಲಾಭ ಯಾರ ಮನೆಗೆ ಹೋಗುತ್ತಿತ್ತು ಎನ್ನುವುದು ಎದುರಿಗೆ ನಿಂತ ಒಕ್ಕಲಿಗೆ ಗೊತ್ತಿತ್ತು. ಬಾಯಿ ಬಿಡುವಂತಿರಲಿಲ್ಲ. ಬಾಯಿ ಬಿಟ್ಟರೆ ಮುಂದಿನ ವರ್ಷ ಗದ್ದೆ ಇನ್ನೊಬ್ಬನಿಗೆ. ಚಾಲಗೇಣಿ ಎಂದರೆ ಅಷ್ಟೇ, ಒಡೆಯನ ಮನಸ್ಸು ಇರುವ ತನಕ ಗದ್ದೆ.

ಇದರ ಮೇಲೆ ಬಾಕಿ. ದೊಡ್ಡ ಕೊಳಗದಲ್ಲಿ ಅಳೆದಾಗ ಗೇಣಿ ಪೂರ್ತಿ ಸಲ್ಲುವುದಿಲ್ಲ. ಉಳಿದದ್ದು ಬಾಕಿ ಎಂದು ಬರೆದುಕೊಳ್ಳುತ್ತಾರೆ, ಬಾಕಿಗೆ ಬಡ್ಡಿಯೂ ಬತ್ತದಲ್ಲೇ. ಎರಡು ಮೂರು ವರ್ಷ ಕಳೆದರೆ ಆ ಬಾಕಿಯೇ ಒಕ್ಕಲೆಬ್ಬಿಸಲು ಕಾರಣವಾಗುತ್ತದೆ. ಕೊಟ್ಟದ್ದಕ್ಕೆ ರಶೀದಿ ಇಲ್ಲದ ಮೇಲೆ ಕೊಟ್ಟಿದ್ದೇನೆ ಎಂದು ತೋರಿಸುವುದಾದರೂ ಹೇಗೆ? ಅದಕ್ಕೇ ಎಚ್. ಗಣಪತಿಯಪ್ಪನವರ ಮುಂದಾಳ್ತನದ ಸಾಗರ ತಾಲ್ಲೂಕು ರೈತ ಸಂಘ 1948ರಿಂದ ಕೇಳುತ್ತಾ ಬಂದ ಬೇಡಿಕೆಗಳು ಇಷ್ಟು ಸರಳವಾಗಿದ್ದವು: ಸರಿಯಾದ ಕೊಳಗದಲ್ಲಿ ಅಳೆಯಿರಿ, ರಶೀದಿ ಕೊಡಿ, ಬಿಟ್ಟಿ ಚಾಕರಿ ನಿಲ್ಲಿಸಿ. ಆ ರಶೀದಿಯ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

1951ರ ಏಪ್ರಿಲ್ 18ರಂದು ಸತ್ಯಾಗ್ರಹ ಶುರುವಾಯಿತು. ಒಡೆಯರು ಬಿಡಿಸಿಕೊಂಡ ಗದ್ದೆಗೆ ಒಕ್ಕಲುಗಳು ನೇಗಿಲು ಹಿಡಿದು ಇಳಿಯುವುದು, ಪೊಲೀಸರು ಹಿಡಿಯುವುದು, ಮರುದಿನ ಇನ್ನೊಂದು ತಂಡ ಇಳಿಯುವುದು. ಸೋಷಲಿಸ್ಟ್ ಪಕ್ಷ ಇದರೊಳಗೆ ಬಂತು, ಗೋಪಾಲಗೌಡರು ಬಂದರು, ಜೂನ್‌ನಲ್ಲಿ ಪಕ್ಷದ ರಾಷ್ಟ್ರಮಟ್ಟದ ನಾಯಕ ರಾಮಮನೋಹರ ಲೋಹಿಯಾ ಅವರೇ ಸಾಗರಕ್ಕೆ ಬಂದು ಬಂಧನಕ್ಕೊಳಗಾದರು. ಇಲ್ಲಿ ಒಂದು ವಿಷಯ ಸ್ಪಷ್ಟವಾಗಿ ಹೇಳಬೇಕು. ಕಾಗೋಡು ಚಳವಳಿಯನ್ನು ಗೋಪಾಲಗೌಡರು ಹುಟ್ಟಿಸಲಿಲ್ಲ. ಅದನ್ನು ಹುಟ್ಟಿಸಿದ್ದು ಅಲ್ಲಿನ ಒಕ್ಕಲುಗಳು ಮತ್ತು ಗಣಪತಿಯಪ್ಪನವರು. ಗೋಪಾಲಗೌಡರು ಮಾಡಿದ್ದು ಬೇರೆ. ಕಣದಲ್ಲಿ ಹುಟ್ಟಿದ ದೂರನ್ನು ಬೆಂಗಳೂರಿನ ಸದನಕ್ಕೆ ಅರ್ಥವಾಗುವ ಭಾಷೆಗೆ ತಂದರು. ಅದೂ ತಮ್ಮ ಜಾತಿಯವರಲ್ಲದ ಒಕ್ಕಲುಗಳ ದೂರನ್ನು. ಈ ಎರಡನ್ನೂ ಕಲಸಿ ಎಲ್ಲ ಶ್ರೇಯಸ್ಸನ್ನು ಒಬ್ಬರ ತಲೆಗೆ ಕಟ್ಟಿದರೆ ಇಬ್ಬರಿಗೂ ಅನ್ಯಾಯ.

ಸತ್ಯಾಗ್ರಹದಿಂದ ಆ ಕೂಡಲೇ ಒಕ್ಕಲುಗಳಿಗೆ ಭೂಮಿ ಸಿಗಲಿಲ್ಲ ಎನ್ನುವುದನ್ನೂ ಮರೆಯಬಾರದು. ಜೈಲು, ಕೇಸು, ಕೈತಪ್ಪಿದ ಬಿತ್ತನೆ, ಇವೆಲ್ಲ ಅವರ ಪಾಲಿಗೇ ಬಂದವು. ಗೆದ್ದದ್ದು ಮುಂದಿನ ವರ್ಷದ ಚುನಾವಣೆ.

ಆ ಚುನಾವಣೆಯ "ಒಂದು ಓಟು, ಒಂದು ನೋಟು" ಈಗಲೂ ಮಲೆನಾಡಿನಲ್ಲಿ ನೆನಪಿನಲ್ಲಿರುವ ಮಾತು. ಓಟು ಕೊಡಿ, ಜೊತೆಗೆ ಒಂದು ರೂಪಾಯಿಯ ನೋಟನ್ನೂ ಕೊಡಿ ಎಂದು ಕೇಳುವುದು. ಇದನ್ನು ಜನ ಬಡ ಅಭ್ಯರ್ಥಿಯ ಮುಗ್ಧತೆಯ ಕಥೆಯಾಗಿ ಹೇಳುತ್ತಾರೆ. ನನಗೆ ಇದು ಬಹಳ ಬುದ್ಧಿವಂತ ಸಂಘಟನೆ. ಒಡೆಯರ ಮನೆಯ ಹಂಗಿನಲ್ಲಿರುವ ಒಕ್ಕಲು ಮತಗಟ್ಟೆಗೆ ಹೋಗುವ ಹಿಂದಿನ ರಾತ್ರಿ ಹೆದರುತ್ತಾನೆ. ತನ್ನ ಕೈಯಿಂದ ರೂಪಾಯಿ ಕೊಟ್ಟವನು ಆ ಹೆದರಿಕೆಯನ್ನು ಅರ್ಧ ದಾಟಿ ಆಗಿರುತ್ತದೆ. ಎರಡನೆಯದು, ನೂರಾರು ಮನೆಯಿಂದ ಸಣ್ಣ ಸಣ್ಣ ದುಡ್ಡು ಬಂದ ಶಾಸಕನಿಗೆ ಯಾವ ಒಬ್ಬನ ಋಣವೂ ಇರುವುದಿಲ್ಲ. ಮೂರನೆಯದು, ದುಡ್ಡು ಕೊಟ್ಟವನು ಲೆಕ್ಕ ಕೇಳುತ್ತಾನೆ. ಗೆದ್ದ ಮೇಲೆ ಊರಿಗೆ ಬಂದ ಶಾಸಕನನ್ನು ಜಗಲಿಯಲ್ಲಿ ಕೂರಿಸಿ "ನಮ್ಮ ವಿಷಯ ಏನಾಯ್ತು ಗೌಡ್ರೆ" ಎಂದು ಕೇಳುವ ಹಕ್ಕು ಆ ಒಂದು ರೂಪಾಯಿಯಿಂದ ಬರುತ್ತದೆ. ಈಗ ನೋಟು ಹರಿಯುವ ದಿಕ್ಕೇ ತಿರುಗಿದೆ. ಓಟಿಗೆ ನೋಟು ಪಡೆದವನು ಲೆಕ್ಕ ಕೇಳುವ ಹಕ್ಕನ್ನು ಅಲ್ಲೇ ಮಾರಿಕೊಂಡಿರುತ್ತಾನೆ.

ಇನ್ನು ಸದನ. 99ರಲ್ಲಿ 3 ಜನ ಇರುವ ಪಕ್ಷ ಯಾವ ಮತದಾನವನ್ನೂ ಗೆಲ್ಲಲಾರದು. ಹಾಗಾದರೆ ಅವರ ಕೈಯಲ್ಲಿರುವುದೇನು? ಸಮಯ, ಪ್ರಶ್ನೆ ಮತ್ತು ದಾಖಲೆ. ಈ ಮೂರನ್ನೂ ಬಳಸುವುದು ಕಲಿತು ಬರುವ ವಿದ್ಯೆ.

ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಉತ್ತರ ಕೊಡಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ. ಹೊಸಬರು ಮಾಡುವ ತಪ್ಪು ಎಂದರೆ ದೊಡ್ಡ ಪ್ರಶ್ನೆ ಕೇಳುವುದು. "ರಾಜ್ಯದಲ್ಲಿ ಗೇಣಿದಾರರಿಗೆ ಅನ್ಯಾಯವಾಗುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ" ಎಂದು ಕೇಳಿದರೆ "ಬಂದಿದೆ, ಕ್ರಮ ಕೈಗೊಳ್ಳಲಾಗುತ್ತಿದೆ" ಎಂಬ ಉತ್ತರ ಬರುತ್ತದೆ. ಅಲ್ಲಿಗೆ ಮುಗಿಯಿತು. ಬದಲಿಗೆ ಒಂದು ಹೋಬಳಿ ಹಿಡಿದು, ಇಂಥ ತಾರೀಖಿನಿಂದ ಇಂಥ ತಾರೀಖಿನ ತನಕ ಎಷ್ಟು ಒಕ್ಕಲುಗಳು ಗದ್ದೆ "ಸ್ವಇಚ್ಛೆಯಿಂದ" ಬಿಟ್ಟುಕೊಟ್ಟರು, ಅವುಗಳಲ್ಲಿ ಎಷ್ಟನ್ನು ತಹಶೀಲ್ದಾರರು ಸ್ಥಳಕ್ಕೆ ಹೋಗಿ ವಿಚಾರಿಸಿದರು ಎಂದು ಕೇಳಬೇಕು. ಆಗ ಕಡತ ತೆಗೆಯಲೇಬೇಕು. ಎರಡನೇ ಭಾಗಕ್ಕೆ ಸೊನ್ನೆ ಎಂಬ ಉತ್ತರ ಬಂದರೆ ಆ ಸೊನ್ನೆ ಸದನದ ನಡವಳಿಯಲ್ಲಿ ಉಳಿಯುತ್ತದೆ, ಮುಂದೆ ಕಾನೂನು ತಿದ್ದುವಾಗ ಅದೇ ಆಧಾರ.

ಬಜೆಟ್ ಬೇಡಿಕೆಗಳ, ಅಂದರೆ ಇಲಾಖೆಗಳು ಕೇಳುವ ಹಣದ, ಮೇಲಿನ ಕಡಿತ ಸೂಚನೆ ಇನ್ನೊಂದು ಹತ್ಯಾರು. ಇಲಾಖೆಯ ಇಡೀ ಬೇಡಿಕೆಯನ್ನು 1 ರೂಪಾಯಿಗೆ ಇಳಿಸಿ ಎಂದರೆ ನೀತಿಯನ್ನೇ ಒಪ್ಪುವುದಿಲ್ಲ ಎಂದರ್ಥ. 100 ರೂಪಾಯಿ ಕಡಿಮೆ ಮಾಡಿ ಎಂದರೆ ಒಂದು ನಿರ್ದಿಷ್ಟ ದೂರಿನ ಮೇಲೆ ಮಾತಾಡಬೇಕಾಗಿದೆ ಎಂದರ್ಥ. ಸೂಚನೆ ಬಿದ್ದೇ ಬೀಳುತ್ತದೆ. ಬೀಳುವ ಮೊದಲು ಮಂತ್ರಿ ಉತ್ತರ ಹೇಳಬೇಕಾಗುತ್ತದೆ, ಅದಕ್ಕಾಗಿಯೇ ಅದನ್ನು ತರುವುದು. ಸಣ್ಣ ಪಕ್ಷಕ್ಕೆ ಇದಕ್ಕಿಂತ ದೊಡ್ಡ ಅವಕಾಶ ಇನ್ನೊಂದಿಲ್ಲ.

ಗೋಪಾಲಗೌಡರ ಬಲ ಇದ್ದದ್ದು ಕಣದ ಅಳತೆಯೂ ಸದನದ ನಿಯಮವೂ ಎರಡೂ ಗೊತ್ತಿದ್ದುದರಲ್ಲಿ. ಒಂದು ಮಾತ್ರ ಗೊತ್ತಿರುವವರು ಬಹಳ ಜನ. ಹಳ್ಳಿಯ ಕಷ್ಟ ಬಲ್ಲವರು ಸದನಕ್ಕೆ ಹೋಗಿ ಕಣ್ಣೀರು ಹಾಕಿ ಬರುತ್ತಾರೆ, ನಿಯಮ ಬಲ್ಲವರು ಅದನ್ನು ಯಾರಿಗಾಗಿ ಬಳಸಬೇಕೆಂದು ತಿಳಿಯದೆ ಕೂರುತ್ತಾರೆ. ಇನ್ನೊಂದು ಬಲ ಭಾಷೆ. ಇಂಗ್ಲಿಷ್ ಬಂದರೆ ಮಾತ್ರ ದೊಡ್ಡ ಮನುಷ್ಯ ಅನ್ನಿಸಿಕೊಳ್ಳುತ್ತಿದ್ದ ಕಾಲದಲ್ಲಿ ಕಂದಾಯ, ಗೇಣಿ, ಬಜೆಟ್ ಎಲ್ಲವನ್ನೂ ಕನ್ನಡದಲ್ಲಿ ವಾದಿಸಿದರು. ಕಾವ್ಯ, ಸಂಗೀತ ಹತ್ತಿರವಿದ್ದ ಮನುಷ್ಯ, ಹಾಗಾಗಿ ಆ ಕನ್ನಡಕ್ಕೆ ಕಚೇರಿಯ ಒಣಕಲು ಇರಲಿಲ್ಲ. ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದ ಜೆ.ಎಚ್. ಪಟೇಲರು 1967ರಲ್ಲಿ ಶಿವಮೊಗ್ಗದಿಂದ ಇದೇ ಪಕ್ಷದಲ್ಲಿ ಗೆದ್ದವರು ಎನ್ನುವುದು ಆಕಸ್ಮಿಕವಲ್ಲ. ರಾಜ್ಯಕ್ಕೆ ಕರ್ನಾಟಕ ಎಂದೇ ಹೆಸರಿಡಬೇಕು ಎಂದು ಗೋಪಾಲಗೌಡರು ಪಟ್ಟು ಹಿಡಿದಿದ್ದರು. ಆ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ, ಅವರು ತೀರಿಕೊಂಡ ಮರುವರ್ಷ.

ಭೂಮಿಯ ಕಾನೂನಿಗೆ ಬರೋಣ. ಇಲ್ಲಿ ಆಳುವ ಪಕ್ಷಕ್ಕೂ ಸಲ್ಲಬೇಕಾದ ಪಾಲು ಸಲ್ಲಲಿ. ಕಂದಾಯ ಮಂತ್ರಿಯಾಗಿದ್ದ ಕಡಿದಾಳ್ ಮಂಜಪ್ಪನವರೂ ಅದೇ ತೀರ್ಥಹಳ್ಳಿ ತಾಲ್ಲೂಕಿನವರು, ಕಾಂಗ್ರೆಸ್ಸಿನವರು. ಗೇಣಿ ಶಾಸನ ಮತ್ತು ಇನಾಂ ರದ್ದತಿಯ ಹಿಂದೆ ಅವರ ನಿಷ್ಠೆಯ ದುಡಿಮೆ ಇದೆ. 1952ರ ಗೇಣಿ ಶಾಸನ ಬಂತು. ಏಕೀಕರಣದ ನಂತರ ಬಿ.ಡಿ. ಜತ್ತಿ ಸಮಿತಿ ಕೂತು ವರದಿ ಕೊಟ್ಟಿತು. 1961ರ ಭೂಸುಧಾರಣಾ ಶಾಸನ ಅದರಿಂದ ಹುಟ್ಟಿತು. ಆದರೆ ಅದು ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ಕ್ಕೆ. ಶಾಸನ ಬರುತ್ತದೆ ಎಂದು ಡಂಗುರ ಸಾರಿ, ಅದನ್ನು ಜಾರಿ ಮಾಡಲು ವರ್ಷಗಟ್ಟಲೆ ತೆಗೆದುಕೊಂಡರೆ ಏನಾಗುತ್ತದೆ? ಒಡೆಯರಿಗೆ ಎಚ್ಚರಿಕೆ ಕೊಟ್ಟ ಹಾಗಾಗುತ್ತದೆ. ಒಕ್ಕಲಿನ ಹೆಬ್ಬೆಟ್ಟು ಒತ್ತಿಸಿ ಗದ್ದೆ ಬಿಟ್ಟುಕೊಟ್ಟ ಪತ್ರ ಬರೆಸುವುದು, ವರ್ಷಕ್ಕೊಬ್ಬ ಒಕ್ಕಲನ್ನು ಬದಲಿಸುವುದು, ನೆಂಟರ ಹೆಸರಿಗೆ ಪಾಲು ಮಾಡುವುದು, ಎಲ್ಲ ಈ ಸಂದಿಯಲ್ಲೇ ನಡೆಯುವಂಥವು. ಜೊತೆಗೆ ಆ ಶಾಸನದಲ್ಲೇ ಸ್ವಂತ ಸಾಗುವಳಿ ಎಂಬ ನೆಪದಲ್ಲಿ ಗೇಣಿ ಭೂಮಿಯ ಅರ್ಧದವರೆಗೆ ಒಡೆಯ ಹಿಂದಕ್ಕೆ ಪಡೆಯಬಹುದಿತ್ತು. ವ್ಯಾಜ್ಯವಾದರೆ ನ್ಯಾಯಾಲಯ, ವಕೀಲ, ಖರ್ಚು. ಗೇಣಿದಾರ ಅಲ್ಲೇ ಸೋಲುತ್ತಿದ್ದ.

ವಿರೋಧ ಪಕ್ಷ ವರ್ಷಗಟ್ಟಲೆ ಬೆರಳಿಟ್ಟು ತೋರಿಸಿದ ತೂತುಗಳು ಇವೇ. ದೇವರಾಜ ಅರಸರ ಕಾಲದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಮುಚ್ಚಿದ್ದೂ ಹೆಚ್ಚುಕಮ್ಮಿ ಇವನ್ನೇ. ಗೇಣಿ ಭೂಮಿ ಆ ದಿನಕ್ಕೆ ಸರ್ಕಾರದ ವಶವಾಯಿತು. ಸೈನಿಕರು, ನಾವಿಕರನ್ನು ಬಿಟ್ಟರೆ ಉಳಿದ ಒಡೆಯರು ಹಿಂದಕ್ಕೆ ಪಡೆಯುವ ಹಕ್ಕು ಹೋಯಿತು. ನ್ಯಾಯಾಲಯದ ಬದಲು ತಾಲ್ಲೂಕಿಗೊಂದು ಭೂ ನ್ಯಾಯಮಂಡಳಿ, ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ನಾಲ್ವರು ನಾಮಕರಣದ ಸದಸ್ಯರು, ಅವರಲ್ಲಿ ಒಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು. ವಕೀಲರಿಗೆ ಪ್ರವೇಶವಿಲ್ಲ. ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಹಾಕಿದರೆ ಸಾಕು.

ಈಗ ರಶೀದಿಯ ಮಾತು. ನ್ಯಾಯಮಂಡಳಿ ಎದುರು ನಿಂತ ಗೇಣಿದಾರನನ್ನು ಕೇಳುವುದು ಒಂದೇ, ನೀನು ಗೇಣಿದಾರ ಎನ್ನುವುದಕ್ಕೆ ಆಧಾರ ಏನು? ಪಹಣಿಯಲ್ಲಿ 9ನೇ ಕಾಲಂನಲ್ಲಿ ಮಾಲೀಕನ ಹೆಸರು, 12ನೇ ಕಾಲಂನಲ್ಲಿ ಸಾಗುವಳಿ ಮಾಡುವವನ ಹೆಸರು. ಆ 12ನೇ ಕಾಲಂನಲ್ಲಿ ಹೆಸರಿದ್ದವನು ಬದುಕಿಕೊಂಡ. ಅಲ್ಲಿ ಒಡೆಯನ ಹೆಸರೇ ಬಿದ್ದಿದ್ದರೆ ಗೇಣಿ ಕೊಟ್ಟ ರಶೀದಿ ತೋರಿಸಬೇಕು. ಅದೂ ಇಲ್ಲದಿದ್ದರೆ ಅಕ್ಕಪಕ್ಕದ ಗದ್ದೆಯವರು ಬಂದು ಹೇಳಬೇಕು, ಅವರೂ ಅದೇ ಒಡೆಯನ ಒಕ್ಕಲುಗಳಾಗಿದ್ದರೆ ಬಾಯಿ ಕಟ್ಟುತ್ತದೆ. 1951ರಲ್ಲಿ ಕಾಗೋಡಿನ ಒಕ್ಕಲುಗಳು ಕೇಳಿದ ತುಂಡು ಕಾಗದ 1974ರಲ್ಲಿ ಗದ್ದೆಯಾಯಿತು. ಇದನ್ನು ಓದುವಾಗಲೆಲ್ಲ ನನಗೆ ಮೈ ಜುಂ ಎನ್ನುತ್ತದೆ. ಗೋಪಾಲಗೌಡರು ಅದನ್ನು ನೋಡಲು ಉಳಿಯಲಿಲ್ಲ.

ಎಲ್ಲರಿಗೂ ಸಿಕ್ಕಿತು ಎಂದೂ ಹೇಳಲಾಗದು. ಗೇಣಿಯೂ ಇಲ್ಲದ ಕೂಲಿಯವರಿಗೆ ಈ ಶಾಸನದಿಂದ ಭೂಮಿ ಬರಲಿಲ್ಲ. ಅರ್ಜಿ ಹೆಚ್ಚಾಗಿ ಮನೆಯ ಹಿರಿಯ ಗಂಡಸಿನ ಹೆಸರಲ್ಲೇ ಹೋದದ್ದರಿಂದ ಗದ್ದೆಯಲ್ಲಿ ಸಮನಾಗಿ ದುಡಿದ ಹೆಂಗಸರ ಹೆಸರು ಕಾಗದದಲ್ಲಿ ಬರಲೇ ಇಲ್ಲ. ಸಮಾಜವಾದಿಗಳೂ ಈ ಎರಡು ಕಡೆ ಕುರುಡಾಗಿದ್ದರು ಎನ್ನುವುದು ನನ್ನ ಅಭಿಪ್ರಾಯ. ಉಳುವವನೇ ಒಡೆಯ ಎಂಬ ಘೋಷಣೆಯಲ್ಲಿ ಉಳುವವಳು ಇರಲಿಲ್ಲ.

ಈ ರಾಜಕಾರಣದ ದೊಡ್ಡ ಸೋಲು ಸದನದಲ್ಲಿ ಆಗಲಿಲ್ಲ, ಪಕ್ಷದ ಒಳಗೆ ಆಯಿತು. 1952ರಲ್ಲಿ ಸೋಷಲಿಸ್ಟ್ ಪಕ್ಷ ಕಿಸಾನ್ ಮಜ್ದೂರ್ ಪ್ರಜಾ ಪಕ್ಷದ ಜೊತೆ ಸೇರಿ ಪ್ರಜಾ ಸೋಷಲಿಸ್ಟ್ ಆಯಿತು. 1955ರಲ್ಲಿ ಲೋಹಿಯಾ ಹೊರಬಂದು ಬೇರೆ ಪಕ್ಷ ಮಾಡಿದರು. 1964ರಲ್ಲಿ ಮತ್ತೆ ಕೂಡಿದರು, ಮರುವರ್ಷ ಮತ್ತೆ ಒಡೆದರು. 1971ರಲ್ಲಿ ಇನ್ನೊಮ್ಮೆ ಕೂಡಿಕೆ. ದೆಹಲಿಯಲ್ಲಿ ಕೂತವರಿಗೆ ಇದು ಸಿದ್ಧಾಂತದ ಚರ್ಚೆ. ಹೊಸನಗರದ ಹಳ್ಳಿಯಲ್ಲಿ ಕಾರ್ಯಕರ್ತನಿಗೆ ಇದು ಚಿಹ್ನೆಯ ಪ್ರಶ್ನೆ. ಓದು ಬಾರದ ಮತದಾರನಿಗೆ ಮರ ಎಂದು ಒಮ್ಮೆ ಹೇಳಿಕೊಟ್ಟು, ಐದು ವರ್ಷದ ಮೇಲೆ ಹೋಗಿ ಅದು ಈಗ ನಮ್ಮದಲ್ಲ ಎನ್ನಬೇಕು. ಕಾಂಗ್ರೆಸ್ಸಿನ ಜೋಡೆತ್ತು ಮಾತ್ರ 1952ರಿಂದ 1967ರ ತನಕ ಅಲ್ಲಾಡಲಿಲ್ಲ. 1957ರ ಸೋಲಿಗೆ ಒಂದೇ ಕಾರಣ ಹುಡುಕುವುದು ತಪ್ಪು, ಆದರೆ ಎರಡು ವರ್ಷ ಮೊದಲು ಒಡೆದ ಪಕ್ಷ ಆ ಚುನಾವಣೆಗೆ ಹೋಗಿತ್ತು ಎನ್ನುವುದನ್ನು ಬಿಟ್ಟು ಲೆಕ್ಕ ಹಾಕುವಂತಿಲ್ಲ.

ಗೋಪಾಲಗೌಡರು ಲೋಹಿಯಾರ ಜೊತೆಗೇ ನಿಂತರು. ನಿಷ್ಠೆಯಾಗಿ ಅದು ದೊಡ್ಡದು, ಸಂಘಟನೆಯಾಗಿ ಅದರ ಬೆಲೆ ತೆತ್ತರು. ಅವರ ನೆರಳಿನಲ್ಲಿ ಬೆಳೆದ ಬಂಗಾರಪ್ಪ, ಪಟೇಲರು ಮುಂದೆ ಮುಖ್ಯಮಂತ್ರಿಗಳಾದರು, ಕಾಗೋಡಿನ ಮಣ್ಣಿನಿಂದಲೇ ಬಂದ ಕಾಗೋಡು ತಿಮ್ಮಪ್ಪನವರು ಸಭಾಧ್ಯಕ್ಷರೂ ಕಂದಾಯ ಮಂತ್ರಿಗಳೂ ಆದರು. ಒಬ್ಬರೂ ಆ ಪಕ್ಷದಲ್ಲಿದ್ದು ಅಲ್ಲಿಗೆ ತಲುಪಲಿಲ್ಲ, ಯಾಕೆಂದರೆ ಆ ಪಕ್ಷವೇ ಉಳಿಯಲಿಲ್ಲ. ಹೋಬಳಿ ಮಟ್ಟದ ಕಚೇರಿ, ಸದಸ್ಯತ್ವದ ಪುಸ್ತಕ, ವರ್ಷಕ್ಕೊಮ್ಮೆ ಚಂದಾ, ಇಂಥ ಬೇಸರದ ಕೆಲಸಕ್ಕೆ ಸಮಾಜವಾದಿಗಳು ಮನಸ್ಸು ಕೊಡಲಿಲ್ಲ. ಚಳವಳಿ ಬಂದಾಗ ಜನ ಇದ್ದರು, ಚಳವಳಿ ಇಲ್ಲದ ವರ್ಷ ಜನರನ್ನು ಹಿಡಿದಿಡುವ ಹಗ್ಗ ಇರಲಿಲ್ಲ. ಗೋಪಾಲಗೌಡರನ್ನು ಎಷ್ಟು ಪ್ರೀತಿಸಿದರೂ ಈ ಮಾತನ್ನು ಮುಚ್ಚಿಡಬಾರದು.

ಈಗಿನ ವಿಷಯ. 2020ರಲ್ಲಿ ಭೂಸುಧಾರಣಾ ಶಾಸನದ 79ಎ, 79ಬಿ ಕಲಂಗಳನ್ನು ತೆಗೆದರು, ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಲು ದಾರಿ ಆಯಿತು. ಆಗಲೂ ಗದ್ದಲ ಆಯಿತು, ಬೀದಿಯಲ್ಲೂ ಸದನದಲ್ಲೂ ವಿರೋಧ ಬಂತು. ಗದ್ದಲ ಮುಗಿದ ಮೇಲೆ ಮಾಡಬೇಕಾದ ಕೆಲಸ ಬಾಕಿ ಇದೆ. ಆಮೇಲೆ ಪ್ರತಿ ತಾಲ್ಲೂಕಿನಲ್ಲಿ ಎಷ್ಟು ಎಕರೆ ಕೈ ಬದಲಾಯಿತು, ಕೊಂಡವರಲ್ಲಿ ಮೊದಲು ಜಮೀನೇ ಇಲ್ಲದವರು ಎಷ್ಟು, ಮಾರಿದವರಲ್ಲಿ ಎರಡು ಎಕರೆಗಿಂತ ಕಡಿಮೆ ಇದ್ದವರು ಎಷ್ಟು, ಕೊಂಡ ಭೂಮಿಯಲ್ಲಿ ಎಷ್ಟು ಬೀಳು ಬಿದ್ದಿದೆ. ಯಾವ ಪಕ್ಷ ಎದುರಿನ ಸಾಲಿನಲ್ಲಿ ಕೂತರೂ ಅಧಿವೇಶನಕ್ಕೆ ಒಂದು ತಾಲ್ಲೂಕಿನಂತೆ ಇದನ್ನು ಕೇಳುತ್ತಾ ಹೋಗಬಹುದು. ಸದನದ ಬಾವಿಗಿಳಿದು ಫಲಕ ಎತ್ತುವುದಕ್ಕೆ ಹತ್ತು ನಿಮಿಷ ಸಾಕು, ಸಂಜೆ ಟಿವಿಯಲ್ಲೂ ಬರುತ್ತದೆ. ಈ ಪ್ರಶ್ನೆಗಳನ್ನು ಕೇಳಲು ನೋಂದಣಿ ಕಚೇರಿ, ತಾಲ್ಲೂಕು ಕಚೇರಿ ಅಲೆಯಬೇಕು, ಪಹಣಿ ಓದಲು ಬರಬೇಕು, ಉತ್ತರ ತಪ್ಪು ಬಂದರೆ ತಪ್ಪು ಎಂದು ಹಿಡಿಯುವಷ್ಟು ಊರಿನ ಪರಿಚಯ ಇರಬೇಕು.

ವಿಧಾನಮಂಡಲದ ಗ್ರಂಥಾಲಯದಲ್ಲಿ ಹಳೆಯ ನಡವಳಿಗಳ ಸಂಪುಟಗಳಿವೆ. ಮೊದಲ ಸಲ ಗೆದ್ದು ವಿರೋಧ ಪಕ್ಷದಲ್ಲಿ ಕೂತವರು 1952ರಿಂದ 57ರ ತನಕದ್ದನ್ನು ತೆಗೆಸಿ, ಕಂದಾಯ ಇಲಾಖೆಯ ಬೇಡಿಕೆಗಳು ಚರ್ಚೆಗೆ ಬಂದ ದಿನಗಳಿಂದ ಓದಲು ಶುರು ಮಾಡಲಿ.